ಹಗೇವಿಗೆ ಇಳಿಸಿದ ಕಂದೀಲು

ಹಿಮದ ಕಂಬ ಬೆರಳಷ್ಟು ಬೆರಳಷ್ಟೇ ಯಂತ್ರದೊಳಗೆ ಸರಿಯುತ್ತಿತ್ತು. ಉತ್ತರ ಧ್ರುವದ ಹತ್ತಿರದ ದ್ವೀಪವೊಂದರಲ್ಲಿ ಹಿಮದಾಳದಿಂದ ಕೊರೆದು ತೆಗೆದ ಆ ಕಂಬದಲ್ಲಿ ವರ್ಷಕ್ಕೊಂದು ಪದರವಿತ್ತು. ಆಯಾ ವರ್ಷದ ಗಾಳಿ ಹೊತ್ತು ತಂದದ್ದೆಲ್ಲ ಅದರಲ್ಲಿ ಹೆಪ್ಪುಗಟ್ಟಿತ್ತು. ಹದಿನಾಲ್ಕು ವರ್ಷ ಕೂತು ಕಟ್ಟಿದ ಈ ಯಂತ್ರಕ್ಕೆ ಡಾ. ದಾಕ್ಷಾಯಣಿ ಹಂಚಿನಾಳ ಜಾಡುಗನ್ನಡಿ ಎಂದು ಹೆಸರಿಟ್ಟಿದ್ದಳು.

ಹೆಸರಿಗೆ ಕಾರಣವಿತ್ತು. ಬಿಎಚ್‌ಸಿ ಎಂಬ ಹಳೆಯ ಕೀಟನಾಶಕದಲ್ಲಿ ಒಂದು ಬಗೆಯ ಅಣುಗಳು ಎಡಗೈ ಬಲಗೈಗಳಂತೆ, ಒಂದಕ್ಕೊಂದು ಕನ್ನಡಿಬಿಂಬವಾಗಿ ಇರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಒಂದನ್ನು ಬೇಗ ತಿನ್ನುತ್ತವೆ, ಇನ್ನೊಂದನ್ನು ನಿಧಾನವಾಗಿ. ಯಾವುದು ಎಷ್ಟು ಉಳಿಯಿತೆಂಬುದು ಊರೂರಿನ ಮಣ್ಣಿಗೆ ಬೇರೆ. ವಿಷ ಬಿಸಿನೆಲದಲ್ಲಿ ಆವಿಯಾಗಿ ಏಳುತ್ತದೆ, ತಣ್ಣನೆಯ ಕಡೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಕೊನೆಗೆ ಏಳಲಾರದಷ್ಟು ಚಳಿಯಿರುವ ಧ್ರುವದಲ್ಲಿ ಕೂತುಬಿಡುತ್ತದೆ. ಅಷ್ಟು ದೂರ ಬಂದರೂ ಆ ಮಣ್ಣಿನ ಗುರುತು ಅಳಿಯದು. ಜಾಡುಗನ್ನಡಿ ಅದನ್ನು ಓದಿ, ತನ್ನಲ್ಲಿರುವ ಸಾವಿರಾರು ಮಣ್ಣಿನ ಮಾದರಿಗಳಿಗೆ ಹೋಲಿಸಿ, ವಿಷ ಹೊರಟ ಜಾಗ ಹೇಳುತ್ತಿತ್ತು.

ನಲವತ್ತೈದು ವರ್ಷ ಹಿಂದಿನ, 1996ರ ಪದರಕ್ಕೆ ಅದು ಹೇಳಿದ್ದು ಕರಿಮಡ್ಡಿ. ಗದಗ ಸೀಮೆಯ ಎರೆಭೂಮಿಯಲ್ಲಿರುವ ಆ ಸಣ್ಣ ಊರಿನ ಮಣ್ಣನ್ನು ಮಾದರಿಗಳ ಸಾಲಿಗೆ ಸೇರಿಸಿದವಳು ದಾಕ್ಷಾಯಣಿಯೇ. ಅದು ಅವಳು ಹುಟ್ಟಿದ ಊರು. ಮೂರು ಸಲ ಯಂತ್ರ ನಡೆಸಿದಳು, ಮೂರು ಸಲವೂ ಅದೇ ಹೆಸರು ಬಂತು. ಆ ವರ್ಷವೇ ಅವಳ ಅಕ್ಕ ಸಾವಂತ್ರಿ ಸತ್ತಿದ್ದಳು.

ಊರೂರಲ್ಲಿ ಹೂತು ಮರೆತ ಇಂಥ ವಿಷವನ್ನು ಯಾರು ತೆಗೆಯಬೇಕು ಎಂಬಲ್ಲಿ ರಾಷ್ಟ್ರಗಳ ಹೊಸ ಒಪ್ಪಂದ ಆರು ವರ್ಷದಿಂದ ನಿಂತಿತ್ತು. ಧ್ರುವದ ವಿಷಕ್ಕೆ ವಿಳಾಸವಿಲ್ಲ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಜಾರಿಕೊಳ್ಳುತ್ತಿದ್ದರು. ಗ್ರೀನ್‌ಲ್ಯಾಂಡಿನ ಪ್ರತಿನಿಧಿ ನಾಯಾ ಒಮ್ಮೆ ದಾಕ್ಷಾಯಣಿಗೆ ಹೇಳಿದ್ದಳು: "ನಮ್ಮಲ್ಲಿ ಹೊಲವೇ ಇಲ್ಲ. ಆ ಪುಡಿಯನ್ನು ಕಂಡವರೂ ಇಲ್ಲ. ಆದರೂ ನಾನು ಮಗುವಿಗೆ ಕುಡಿಸಿದ ಎದೆಹಾಲಿನಲ್ಲಿ ಅದಿತ್ತು."

ಸಭೆಗೆ ಒಂದಾದರೂ ಪೂರ್ತಿ ಜಾಡು ಬೇಕಿತ್ತು: ಹಿಮ, ಮಣ್ಣು, ಎರಚಿದ ಕೈ. ಎರಚಿದವರೇ ಬಾಯಿಬಿಟ್ಟು ಹೇಳಬೇಕಿತ್ತು. ಆ ಕೈ ತನ್ನ ಅವ್ವನದೆಂದು ದಾಕ್ಷಾಯಣಿಗೆ ಗೊತ್ತಿತ್ತು.

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕುಣಿ. ಬಹಳ ದಿನ ಮುಚ್ಚಿದ್ದನ್ನು ತೆರೆದಾಗ ಒಳಗೆ ಕೆಟ್ಟ ಗಾಳಿ ಇರುವುದುಂಟು. ಅದಕ್ಕೆ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಸಾವಂತ್ರಿ ಸತ್ತ ದಿನ ಅವ್ವ ಫಕೀರವ್ವ ಕಂದೀಲು ಇಳಿಸಿ ನೋಡಿ, ಬಾಯಿ ಕಿರಿದೆಂದು ಒಂಬತ್ತು ವರ್ಷದ ಮಗಳನ್ನು ಇಳಿಸಿದ್ದಳು. ಹುಡುಗಿ ಜೋಳ ಮೊಗೆದು ಕೊಟ್ಟು ನಗುತ್ತಲೇ ಮೇಲೆ ಬಂದಳು. ಮೈತುಂಬ ಬಿಳಿ ಪುಡಿ. ಮಧ್ಯಾಹ್ನ ಕೈಕಾಲು ಸೆಟೆದವು. ಹೊತ್ತು ಮುಳುಗುವುದರೊಳಗೆ ಹೋಗಿಬಿಟ್ಟಳು. ದೀಪವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ಊರು ಅಂದಿತು. ಗಂಡನೂ ಸಾಯುವವರೆಗೆ ಅದನ್ನೇ ಅಂದ. ಫಕೀರವ್ವ ಮಾತ್ರ ನಲವತ್ತೈದು ವರ್ಷ ಒಂದೇ ಮಾತು ಹೇಳುತ್ತ ಬಂದಿದ್ದಳು, ದೀಪ ಉರಿಯುತ್ತಿತ್ತು ಎಂದು.

ಮಗಳು ಬಂದಾಗ ಅವಳು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. "ಬರ್ಫದ ಊರಿಗೆ ಹೋದಾಕಿ ಹಿಂಗ್ಯಾಕ ಕರ್ರಗಾಗಿ?" ಎಂದು ನಕ್ಕಳು.

ದಾಕ್ಷಾಯಣಿ ಪಕ್ಕದಲ್ಲಿ ಕೂತಳು. "ಅವ್ವಾ, ನೀ ಹೇಳಿದ್ದು ಖರೆ. ದೀಪ ಉರೀತಿತ್ತು. ಗಾಳಿ ಚಲೋನ ಇತ್ತು."

ಫಕೀರವ್ವನ ಕೈ ನಿಂತಿತು. ಸೆರಗು ಕಣ್ಣಿಗೊತ್ತಿಕೊಂಡಳು. ಇಷ್ಟಕ್ಕೇ ಎದ್ದುಬಿಡೋಣವೆಂದು ದಾಕ್ಷಾಯಣಿಗೆ ಅನ್ನಿಸಿತು.

"ಮತ್ತ ಆಕಿ ಯಾತರಿಂದ ಹೋದ್ಲು?"

"ಪೌಡರಿಂದ ಬೇ. ಹುಳ ಹತ್ತಬಾರದಂತ ಜೋಳಕ್ಕ ಹಾಕಿದ್ದ ಬಿಎಚ್‌ಸಿ. ಕೆಟ್ಟ ಗಾಳಿಗಾದ್ರ ಒಳಗ ಬೀಳತಿದ್ಲು, ಕೈಕಾಲು ಸೆಟೆಯೂದು ಈ ವಿಷಕ್ಕ."

ಫಕೀರವ್ವ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರದೇನೋ ಎಂಬಂತೆ ನೋಡಿದಳು. "ನಿಮ್ಮಜ್ಜಿ ಬೂದಿ ಸಾಕು ಅಂದಿದ್ಲು. ನಾನ ಪೌಡರ್ ಹಾಕಿದ್ದು. ಎರಡ ಹಿಡಿ ಹೆಚ್ಚಿಗೀನ ಹಾಕಿದೆ."

ಸಭೆಗೆ ಅವಳ ಬಾಯಿಮಾತೇ ಬೇಕೆಂದು ದಾಕ್ಷಾಯಣಿ ತಿಳಿಸಿದಳು. ಎರಡು ದಿನ ಫಕೀರವ್ವ ಉಣ್ಣಲಿಲ್ಲ. ಮೂರನೆಯ ದಿನ, ಎಲ್ಲಿ ಹೇಳಬೇಕೋ ಅಲ್ಲಿ ಹೇಳುತ್ತೇನೆ ಎಂದಳು.

ಅದೇ ಕಟ್ಟೆಯ ಮೇಲೆ ಕೂತು ಕ್ಯಾಮೆರಾದ ಮುಂದೆ ನಾಲ್ಕು ನಿಮಿಷ ಮಾತಾಡಿದಳು. ದೂರದ ಸಭಾಂಗಣದಲ್ಲಿ ಅನುವಾದಕರು ಎರಡು ಹಿಡಿಯನ್ನು ಗ್ರಾಮಿಗೆ ತರಲಾರದೆ ಹಾಗೆಯೇ ಬಿಟ್ಟರು. ದಾಖಲೆಯಲ್ಲೂ ಎರಡು ಹಿಡಿ ಎಂದೇ ಉಳಿಯಿತು. ಮರುವರ್ಷ ಒಪ್ಪಂದಕ್ಕೆ ಸಹಿ ಬಿತ್ತು. ವಿಷ ಮಾಡಿದವರೂ ಹಂಚಿದ ಸರ್ಕಾರಗಳೂ ಸೇರಿ ಅದನ್ನು ನೆಲದಿಂದ ತೆಗೆಯಬೇಕೆಂದಾಯಿತು.

ಕರಿಮಡ್ಡಿಗೆ ಮೈತುಂಬ ಮುಚ್ಚಿಕೊಂಡ ಕೆಲಸಗಾರರು ಬಂದು, ಸಾವಂತ್ರಿ ಸತ್ತಂದಿನಿಂದ ಮುಚ್ಚಿದ್ದ ಹಗೇವಿನ ಬಾಯಿ ತೆರೆದರು. ಫಕೀರವ್ವ ಅಟ್ಟದ ಮೇಲಿದ್ದ ಕಂದೀಲು ಇಳಿಸಿ, ಒರೆಸಿ, ಹಚ್ಚಿಕೊಂಡು ಬಂದಳು. ವಿಷ ಅಳೆಯುವ ಮೀಟರ್ ಇದೆ, ದೀಪ ಬೇಡ ಎಂದು ಅವರಲ್ಲೊಬ್ಬ ಹೇಳಿದ.

"ಇರ್ಲಿ ತಮ್ಮಾ. ನೀವೂ ಒಮ್ಮೆ ನೋಡ್ರಿ."

ಹಗ್ಗ ಕಟ್ಟಿ ಇಳಿಸಿದಳು. ತಳದಲ್ಲಿ ದೀಪ ನೆಟ್ಟಗೆ, ಅಲುಗದೆ ಉರಿಯಿತು. ಪಕ್ಕದಲ್ಲಿ ಇಳಿಬಿಟ್ಟ ಮೀಟರಿನ ಕೆಂಪು ಮುಳ್ಳು ಕೊನೆ ಮುಟ್ಟಿತ್ತು.

"ಆ ನಿನ್ನ ಬರ್ಫದಾಗ ಎಲ್ಲಾಕಿಂತ ಮ್ಯಾಲಿನ ಪದರ ಈ ವರ್ಷದ್ದಲ್ಲೇನ?" ಎಂದು ಫಕೀರವ್ವ ಪಕ್ಕದಲ್ಲಿ ನಿಂತ ಮಗಳನ್ನು ಕೇಳಿದಳು. "ಅದರಾಗ ಏನೈತಿ?"

ಈ ವರ್ಷದ ಹಿಮ ಇನ್ನೂ ಸಡಿಲ. ಗಟ್ಟಿಯಾಗಿ ಕೂರಲು ದಶಕಗಳು ಬೇಕು. ಅದರಲ್ಲಿರುವ ಎಷ್ಟೋ ಪದಾರ್ಥಗಳಿಗೆ ಜಾಡುಗನ್ನಡಿಯಲ್ಲಿ ಇನ್ನೂ ಹೆಸರೇ ಇರಲಿಲ್ಲ.

"ಗೊತ್ತಿಲ್ಲ ಬೇ," ಎಂದಳು ದಾಕ್ಷಾಯಣಿ. "ಸದ್ಯಕ್ಕ ಎಲ್ಲಾ ಚಲೋನ ಕಾಣತೈತಿ."

ಫಕೀರವ್ವ ಹಗ್ಗ ಎಳೆದು ಕಂದೀಲನ್ನು ಮೇಲಕ್ಕೆ ತಂದಳು. ಅದು ಇನ್ನೂ ಉರಿಯುತ್ತಿತ್ತು.