ಕವಣೆಗೆ ಸಿಕ್ಕ ದೀಪಗಳು

ಡಿಸೆಂಬರ್ ಕೊನೆಯ ಸೋಮವಾರ ಬೆಳಿಗ್ಗೆ, ಠಾಣೆಯ ಬೇವಿನ ಮರಕ್ಕೆ ಇನ್ನೂ ಬಿಸಿಲು ತಾಗುವ ಮುಂಚೆ, ಸಾಲಗುಂದದ ವಿರೇಶ ಒಡೆದ ಹೆಡ್‌ಲೈಟೊಂದನ್ನು ತಂದು ಪಿಎಸ್‌ಐ ಅಮರೇಶ್ವರಿಯ ಮೇಜಿನ ಮೇಲೆ ಇಟ್ಟ. ಇಟ್ಟ ಎನ್ನುವುದಕ್ಕಿಂತ ಕುಕ್ಕಿದ ಎನ್ನಬೇಕು.

“ನೋಡ್ರಿ ಮೇಡಂ, ಯಾವನೋ ನನ್ನ ಗಾಡಿ ದೀಪ ಒಡದಾನ. ಅವನ್ನ ಹಿಡದು ಒಳಗ ಹಾಕ್ರಿ.”

“ನಿನ್ನ ಗಾಡಿಗೆ ಬಂದು ಬಡದವ ದವಾಖಾನ್ಯಾಗ ಬಿದ್ದಾನಲ್ಲ, ಮೊದಲ ಅವನ ಸುದ್ದಿ ಹೇಳು.”

ವಿರೇಶ ಕಣ್ಣು ತಪ್ಪಿಸಿದ. “ಅದೂ ದೀಪ ಒಡದವನಿಂದನ ಆತಲ್ರಿ.”

ನಡೆದದ್ದು ಇಷ್ಟು. ಭಾನುವಾರ ಸಂಜೆ ಆರೂವರೆಗೆ ವಿರೇಶ ಪಿಕಪ್ ಗಾಡಿಯಲ್ಲಿ ಭತ್ತದ ಚೀಲ ಹೇರಿಕೊಂಡು ವಳಕಮದಿನ್ನಿಯಿಂದ ಸಿಂಧನೂರಿಗೆ ಹೊರಟಿದ್ದ. ಉಪಕಾಲುವೆಯ ತಿರುವಿನಲ್ಲಿ ಬಲಗಡೆಯ ದೀಪ ಠಪ್ಪೆಂದು ಒಡೆಯಿತು. ಬೆದರಿ ಬ್ರೇಕ್ ತುಳಿದ. ಹಿಂದೆ ಬರುತ್ತಿದ್ದ ಬೈಕು ಗಾಡಿಯ ಹಿಂಬದಿಗೆ ಬಡಿಯಿತು. ಬೈಕಿನ ಮೇಲಿದ್ದವರು ಮುಕ್ಕುಂದದ ರಹಮಾನಸಾಬ ಮತ್ತು ಅವನ ಹೆಂಡತಿ ಗುಲ್ಷನ್‌ಬೀ. ಆಕೆಗೆ ಮೊಣಕೈ ತರಚಿತ್ತು. ರಹಮಾನಸಾಬನ ತಲೆಗೆ ಪೆಟ್ಟಾಗಿತ್ತು. ಬೆಳಗಾದರೂ ಅವನು ಕಣ್ಣು ಬಿಟ್ಟಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ) ಮತ್ತು 324, ಆರೋಪಿ ಅಪರಿಚಿತ. ರಹಮಾನಸಾಬ ಕಣ್ಣು ಬಿಡದೆಯೇ ಹೋದರೆ ಕಲಂ ಬದಲಾಗುತ್ತದೆ ಎಂಬುದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಮರೇಶ್ವರಿ ಹೆಡ್ ಕಾನ್‌ಸ್ಟೆಬಲ್ ಮಕ್ತುಮ್‌ಸಾಬ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ಊರಿನ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ರಸ್ತೆಯ ಮೇಲೆ ಗಾಜಿನ ಚೂರು, ಟೈರು ಉಜ್ಜಿದ ಕಪ್ಪು ಗೆರೆ, ಒಣಗಿದ ರಕ್ತ. ಜಪ್ತಿ ಮಾಡಿದ ದೀಪದ ಚಿಪ್ಪಿನೊಳಗೆ ಅರ್ಧ ಒಡೆದ ಮಣ್ಣಿನ ಗಡ್ಡೆಯೊಂದು ಸಿಕ್ಕಿತು.

“ಹೊಲದ ಹೆಂಟಿ ಮೇಡಂ. ಗಾಲಿಗೆ ಹತ್ತಿದ್ದು ಸಿಡದಿರ್ಬೇಕು,” ಎಂದ ಮಕ್ತುಮ್‌ಸಾಬ್.

ಅಮರೇಶ್ವರಿ ಅದನ್ನು ಅಂಗೈಯಲ್ಲಿ ಹೊರಳಿಸಿದಳು. ಎರೆಮಣ್ಣಿಗೆ ಹೊಟ್ಟು ಕಲಸಿ ಉರುಟು ಮಾಡಿ ಬಿಸಿಲಿಗೆ ಒಣಗಿಸಿದ್ದರು. ಒಂದು ಬದಿಗೆ ಹೆಬ್ಬೆರಳು ಒತ್ತಿದ ತಗ್ಗು. ಅವಳ ತವರು ಲಿಂಗಸುಗೂರು ಕಡೆಯ ಜೋಳದ ಸೀಮೆ. ಇಂಥ ಉಂಡೆಗಳನ್ನು ಅವಳೇ ಚಿಕ್ಕಂದಿನಲ್ಲಿ ಬುಟ್ಟಿಗಟ್ಟಲೆ ಕಟ್ಟಿದ್ದಳು.

“ಹೆಂಟಿ ಅಲ್ಲ ಇದು. ಕವಣಿ ಉಂಡಿ.”

“ಭತ್ತದ ಸೀಮ್ಯಾಗ ಕವಣಿ ಯಾರು ಬೀಸ್ತಾರ್ರಿ? ಇಲ್ಲಿ ಹಕ್ಕಿ ಬೆದರ್ಸಾಕ ಪಟಾಕಿ ಹೊಡೀತಾರ.”

“ಅದಕ್ಕ ಹುಡುಕೋದು ಹಗುರ ಐತಿ.”

ಅಷ್ಟರಲ್ಲಿ ಜನ ಕೂಡಿದ್ದರು. ಟ್ರ್ಯಾಕ್ಟರಿನ ಗುರುಬಸವ ಹಿಂದಿನಿಂದ ಕೂಗಿದ: “ನಂದೂ ಒಡದಾರ್ರಿ! ಮಸ್ಕಿಯಿಂದ ಬರೋ ಎರಡು ಗಾಡಿಗಳವೂ ಒಡದಾರ.”

“ದೂರು ಯಾಕ ಕೊಡ್ಲಿಲ್ಲ?”

ಗುರುಬಸವ ತಲೆ ಕೆರೆದುಕೊಂಡ. “ಅವು ಕಂಪನಿ ದೀಪ ಅಲ್ರಿ, ಮ್ಯಾಲ ಹಾಕ್ಸಿದ್ವು. ಠಾಣೆಗೆ ಬಂದ್ರ ನಮಗ ದಂಡ.”

“ಸರ್ಕಾರಿ ಬಸ್ಸು ಇದೇ ಹೊತ್ತಿಗೆ ದಿನಾ ಹೋಗ್ತೈತಲ್ರಿ ಮೇಡಂ,” ಎಂದು ಮಕ್ತುಮ್‌ಸಾಬ್ ಮೆಲ್ಲಗೆ ಹೇಳಿದ. “ಅದಕ್ಕ ಒಂದು ಗೀರೂ ಬಿದ್ದಿಲ್ಲ.”

ಆ ಮಾತು ಅಮರೇಶ್ವರಿಯ ತಲೆಯಲ್ಲಿ ಕೂತಿತು. ಹೊಡೆಯುವವನು ಕಂಡ ಕಂಡದ್ದಕ್ಕೆ ಹೊಡೆಯುತ್ತಿಲ್ಲ, ಆರಿಸಿ ಹೊಡೆಯುತ್ತಿದ್ದಾನೆ.

ಮಧ್ಯಾಹ್ನ ವಿರೇಶನ ಪಿಕಪ್ಪನ್ನು ಅಕ್ಕಿ ಮಿಲ್ಲಿನ ಗೋದಾಮಿನೊಳಗೆ ತರಿಸಿದಳು. ಬಾಗಿಲು ಎಳೆದರೆ ಅಲ್ಲಿ ಹಗಲೇ ಕತ್ತಲು. ಗಾಡಿಯನ್ನು ಗೋಡೆಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದಿಂದ ಗೆರೆ ಎಳೆಸಿದಳು. ಖಾಲಿ ಗಾಡಿಯಲ್ಲಿ ಉಳಿದಿದ್ದ ಎಡದೀಪ ಹಚ್ಚಿದಾಗ ಬೆಳಕು ಗೆರೆಗಿಂತ ಗೇಣು ಕೆಳಗೆ ನಿಂತಿತು. ನಿಲ್ಲಬೇಕಾದದ್ದೂ ಅಲ್ಲಿಯೇ. ಆಮೇಲೆ ಹಮಾಲರು ಚೀಲ ಹೇರತೊಡಗಿದರು. ಒಂದೊಂದು ಸಾಲು ಬಿದ್ದಂತೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದವು, ಗಾಡಿಯ ಮೂತಿ ಮೇಲೆದ್ದಿತು. ಬೆಳಕು ಗೆರೆ ದಾಟಿತು. ಗೋಡೆಗೆ ಆತು ನಿಂತಿದ್ದ ಮಕ್ತುಮ್‌ಸಾಬ್‌ನ ಎದೆಗೆ ಬಂತು, ಮುಖಕ್ಕೆ ಬಂತು.

“ಸರಿ, ನಾ ನಿಂದರ್ತೀನಿ,” ಎಂದು ಅಮರೇಶ್ವರಿ ಅವನ ಜಾಗಕ್ಕೆ ಹೋದಳು.

ಕಣ್ಣಿಗೆ ಯಾರೋ ಸುಣ್ಣ ಎರಚಿದಂತಾಯಿತು. ಗಾಡಿ ಇಲ್ಲ, ಹಮಾಲರಿಲ್ಲ, ತನ್ನ ಕಾಲ ಕೆಳಗಿನ ನೆಲವೂ ಇಲ್ಲ. ಆ ಬಿಳುಪಿನ ಹಿಂದಿನಿಂದ ವಿರೇಶನ ನಗು ಕೇಳಿತು.

“ಪವರ್ ಹೆಂಗೈತ್ರಿ ಮೇಡಂ?”

“ಆರ್ಸೋ ಲೇ!”

ಬೆಳಕು ಆರಿದ ಮೇಲೂ ಕಣ್ಣೊಳಗೆ ಹಸಿರು ಚುಕ್ಕೆಗಳು ಕುಣಿದವು. ಗೋಡೆ ತಡವಿಕೊಂಡು ಬಂದು ಅವನೆದುರು ನಿಂತಳು.

“ಎದುರಿಗೆ ಬಂದವ ಏನ್ ಮಾಡ್ಬೇಕು?”

“ಅವ್ನೂ ಇಂಥಾವ ಹಾಕ್ಸಲಿ.”

“ಡಿಪ್ಪರ್ ಹೊಡೀತಿಯೋ ಇಲ್ಲೋ?”

“ಮಾಲು ಹೇರಿದ ಮ್ಯಾಲ ಹೊಡದ್ರೂ ಅಷ್ಟ, ಬಿಟ್ರೂ ಅಷ್ಟ್ರಿ.”

“ದೀಪದ ಹಿಂದ ತಿರುಪು ಐತಲ್ಲೋ,” ಮಕ್ತುಮ್‌ಸಾಬ್ ತಡೆಯಲಾರದೆ ರೇಗಿದ. “ಹೇರಿದಾಗ ಎರಡು ಸುತ್ತು ತಿರುವಿದ್ರ ಬೆಳಕು ನೆಲಕ್ಕ ಬೀಳ್ತೈತಿ. ಬೀಡಿ ಹಚ್ಚೋವಷ್ಟು ಹೊತ್ತು ಹಿಡಿಯಂಗಿಲ್ಲ ಅದು!”

ವಿರೇಶ ಹೆಗಲು ಹಾರಿಸಿದ. ಅಮರೇಶ್ವರಿಗೆ ಅವನ ಕೆನ್ನೆಗೊಂದು ಬಾರಿಸಬೇಕೆನ್ನಿಸಿತು. ಮೈಮೇಲಿನ ಖಾಕಿ ಕೈ ತಡೆಯಿತು. ಬೆಳಕು ದೇವರ ವಸ್ತು ಎನ್ನುತ್ತಾರೆ ನಮ್ಮ ಹಿರಿಯರು. ದೇವರ ವಸ್ತುವನ್ನು ಇಡುವ ಜಾಗದಲ್ಲಿ ಇಡಬೇಕು. ಕಂಡವರ ಮುಖಕ್ಕೆ ಎಸೆಯುವಂತಿಲ್ಲ.

ಅಲ್ಲಿಂದ ದವಾಖಾನೆಗೆ ಹೋದಳು. ಗುಲ್ಷನ್‌ಬೀ ಗಂಡನ ಮಂಚದ ಪಕ್ಕ ರಕ್ತ ಮೆತ್ತಿದ ರುಮಾಲೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಇದು ಯಾರದವ್ವ?”

“ಗೊತ್ತಿಲ್ರಿ. ವಯಸ್ಸಾದವ ಒಬ್ಬ ಕಾಲುವೆ ಏರಿ ಮ್ಯಾಲಿಂದ ಓಡಿ ಬಂದ. ತನ್ನ ತಲಿ ರುಮಾಲ ಬಿಚ್ಚಿ ಇವರಿಗೆ ಕಟ್ಟಿದ. ‘ತಪ್ಪಾತು ತಾಯಿ, ತಪ್ಪಾತು’ ಅನ್ನಾಕತ್ತಿದ್ದ. ಅವಂದೇನು ತಪ್ಪು ಪಾಪ, ಅಂದ್ಕೊಂಡೆ.”

ಅಮರೇಶ್ವರಿ ರುಮಾಲು ಬಿಡಿಸಿದಳು. ಮಡಿಕೆಯಲ್ಲಿ ಜೋಳದ ತೆನೆಯ ಸಿಪ್ಪೆ ಅಂಟಿತ್ತು.

ಕಾಲುವೆ ನೀರು ಹರಿಯುವಷ್ಟು ದೂರ ಭತ್ತ, ಬರೀ ಭತ್ತ. ತಿರುವಿನ ಮಗ್ಗುಲಿಗೆ ದಿಬ್ಬವೊಂದಿದೆ. ನೀರು ಅಲ್ಲಿಗೆ ಏರುವುದಿಲ್ಲ. ಅದರ ಮೇಲೆ ಮಾತ್ರ ಒಂದು ತುಂಡು ಜೋಳ ನಿಂತಿತ್ತು. ನಡುವೆ ಅಟ್ಟಣಿಗೆ. ಅಟ್ಟಣಿಗೆಯ ಮೇಲೆ ವಳಕಮದಿನ್ನಿಯ ತಾಯಪ್ಪ, ಬರಿದಲೆಯಲ್ಲಿ. ಜೀಪು ಕಂಡವನೇ ಯಾರೂ ಕರೆಯುವ ಮೊದಲೇ ಕವಣೆ ಸುತ್ತಿ ಕೈಯಲ್ಲಿ ಹಿಡಿದು ಇಳಿದು ಬಂದ.

“ರಹಮಾನಸಾಬ ಕಣ್ಣು ಬಿಟ್ಟಾನೇನ್ರಿ?”

“ಅವನ ಹೆಸರು ನಿನಗ ಹೆಂಗ ಗೊತ್ತು?”

“ದವಾಖಾನಿ ಬಾಗಲದಾಗ ಕೂತಿದ್ದೆ. ಒಳಗ ಹೋಗಾಕ ಮಾರಿ ಇರಲಿಲ್ರಿ.”

“ಇನ್ನೂ ಬಿಟ್ಟಿಲ್ಲ.”

ತಾಯಪ್ಪ ಬದುವಿನ ಮೇಲೆ ಕುಸಿದು ಕೂತ.

“ಎಷ್ಟು ದೀಪ ಒಡದಿ?”

“ನಾಕು.”

“ಬಸ್ಸಿಗೆ ಯಾಕ ಹೊಡೀಲಿಲ್ಲ?”

“ಅದರ ಬೆಳಕು ದಾರಿ ನೋಡ್ತೈತ್ರಿ. ಇವು ಮಂದಿ ಕಣ್ಣಾಗ ಕೈ ಹಾಕ್ತಾವ.” ಕವಣೆಯನ್ನು ಅವಳ ಕಾಲ ಬಳಿ ಇಟ್ಟ. “ಕಲ್ಲು ಬೀಸಿದ್ರ ಜೀವ ಹೋಗ್ತೈತಿ ಅಂತ ಮಣ್ಣುಂಡಿ ಮಾಡಿದ್ದೆ.”

“ಹಿಂದ ಗಂಡ ಹೆಂಡತಿ ಬರಾಕತ್ತಿದ್ರಲ್ಲೋ! ಅವರು ಕಾಣಲಿಲ್ಲೇನು ನಿನಗ?” ಅಮರೇಶ್ವರಿಯ ದನಿ ಏರಿತು. ಜೋಳದ ಮೇಲಿನ ಹಕ್ಕಿಗಳು ಎದ್ದವು.

“ಆ ದೀಪದ ಹಿಂದ ಏನೂ ಕಾಣಂಗಿಲ್ರಿ. ನನ್ನ ಸಿಟ್ಟು ಇದ್ದದ್ದು ಅದಕ್ಕ. ನಾ ತಪ್ಪಿದ್ದೂ ಅಲ್ಲೇ.”

“ಠಾಣೆಗೆ ಬರಬೇಕಿತ್ತು.”

ತಾಯಪ್ಪ ಮೊದಲ ಸಲ ಅವಳ ಮುಖ ನೋಡಿದ. ಕಣ್ಣಲ್ಲಿ ಕೆಂಡವಿತ್ತು.

“ಬಂದಿದ್ದೆ ರೀ. ಹೋದ ವರ್ಷ. ಇದೇ ತಿರುವಿನ್ಯಾಗ ನನ್ನ ಮೊಪೆಡ್ ಕಾಲುವೆಗೆ ಬಿತ್ತು. ನನ್ನ ಹೇಣತಿ ಅಯ್ಯಮ್ಮ ಹೋದಳು. ಎದುರಿಗಿದ್ದ ಗಾಡಿ ನಂಬರ್ ಏನಂತ ಕೇಳಿದ್ರು. ಬೆಳಕಿಗೆ ನಂಬರ್ ಇರ್ತೈತೇನ್ರಿ? ನನಗ ಕಂಡಿದ್ದು ಬರೇ ಬೆಳಕು. ಅಜಾಗರೂಕತಿಯಿಂದ ಓಡಿಸ್ಯಾನ ಅಂತ ನನ್ನ ಮ್ಯಾಲ ಕೇಸು ಬರದ್ರು. ನನ್ನ ಹೇಣತಿ ಸಾವಿಗೆ ನಾ ಆರೋಪಿ! ಇವತ್ತಿಗೂ ಕೋರ್ಟಿನ್ಯಾಗ ಹೆಸರು ಕೂಗ್ತಾರ, ಕೈ ಕಟ್ಟಿ ನಿಂದರ್ತೀನಿ.”

ಆಗ ಠಾಣೆಯಲ್ಲಿ ಅಮರೇಶ್ವರಿ ಇರಲಿಲ್ಲ. ಆದರೆ ಇದ್ದಿದ್ದರೆ ತಾನು ಬೇರೆ ಏನು ಬರೆಯುತ್ತಿದ್ದೆ ಎಂದು ಕೇಳಿಕೊಂಡಳು. ಬಂದು ಬಡಿದವನ ಹೆಸರು ಬರೆಯಲು ಜಾಗವಿದೆ. ಕಣ್ಣು ಕಟ್ಟಿ ಹೋದವನ ಹೆಸರು ಬರೆಯಲು ಎಲ್ಲಿದೆ ಜಾಗ?

ಕವಣೆ ಮತ್ತು ಹನ್ನೊಂದು ಮಣ್ಣುಂಡೆ ಜಪ್ತಿಯಾದವು. ಸಂಜೆ ಐದಕ್ಕೆ ತಾಯಪ್ಪನನ್ನು ದಸ್ತಗಿರಿ ಮಾಡಿ, ಅವನ ಮಗ ದುರುಗೇಶನಿಗೆ ತಿಳಿಸಿದ್ದಾಗಿ ಮಕ್ತುಮ್‌ಸಾಬ್ ಬರೆದ. ಠಾಣೆಯ ಅಂಗಳದಲ್ಲಿ ಕಾಯುತ್ತಿದ್ದ ವಿರೇಶ ಮೀಸೆ ತಿರುವಿದ.

“ಸಿಕ್ಕನಲ್ಲ ಮಗ! ಇನ್ನ ನನ್ನ ಗಾಡಿ ಬಿಡ್ರಿ ಮೇಡಂ.”

“ಗಾಡಿ ಇಲ್ಲೇ ಇರ್ತೈತಿ. ಕಂಪನಿದಲ್ಲದ ದೀಪ, ಹೆಚ್ಚಿನ ಭಾರ. ನಿನ್ನ ಮ್ಯಾಲೂ ಕೇಸು.”

“ದೂರು ಕೊಟ್ಟವ ನಾನ ಅಲ್ಲೇನ್ರಿ!”

“ನಿನ್ನ ದೂರು ತಗೊಂಡೀನಿ. ಈಗ ನಂದು ನೀ ತಗೋ.” ಮಕ್ತುಮ್‌ಸಾಬ್‌ನ ಕಡೆ ತಿರುಗಿದಳು. “ಗುರುಬಸವನ ಟ್ರ್ಯಾಕ್ಟರ್, ಆ ಮಸ್ಕಿ ಗಾಡಿಗಳು, ಎಲ್ಲಾ ನಾಳೆ ಮಿಲ್ಲಿನ ಗೋಡೆ ಮುಂದ ನಿಂದರ್ಬೇಕು. ಬರದವರನ್ನ ಎಳಕೊಂಡು ಬರ್ರಿ.”

ತಾಯಪ್ಪನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಸಿಂಧನೂರಿಗೆ ಕರೆದೊಯ್ಯುವಾಗ ಹೊತ್ತು ಮುಳುಗಿತ್ತು. ದಾರಿಯಲ್ಲಿ ಫೋನು ಬಂತು. ಅಮರೇಶ್ವರಿ ಕೇಳಿಸಿಕೊಂಡು ಹಿಂದೆ ತಿರುಗಿದಳು.

“ಕಾಕಾ, ರಹಮಾನಸಾಬ ಕಣ್ಣು ಬಿಟ್ಟಾನಂತ. ನೀರು ಕೇಳ್ಯಾನ. ಹೇಣತಿ ಹೆಸರು ಇನ್ನೂ ನೆನಪಿಗೆ ಬಂದಿಲ್ಲಂತ.”

ತಾಯಪ್ಪ ಕೈ ಮುಗಿದ. ಬಹಳ ಹೊತ್ತು ಕೈ ಬಿಡಿಸಲಿಲ್ಲ. ಆಮೇಲೆ ಯಾರೂ ಕೇಳದೆ ತಾನೇ ಹೇಳಿದ.

“ಸಂಜಿಮುಂದ ದೀಪ ಕಂಡ್ರ ನಮ್ಮಾಕಿ ಕೈ ಮುಗಿತಿದ್ದಳ್ರಿ. ಮನಿ ಪಣತಿ ಇರಲಿ, ಕಂಬದ ಬಲ್ಬ್ ಇರಲಿ. ಅವತ್ತು ಹಿಂದ ಕೂತು ನನ್ನ ನಡ ಹಿಡಕೊಂಡಿದ್ದಳು. ಆ ಬೆಳಕು ಬಂತು. ‘ಶಿವಾ’ ಅಂತ ಕೈ ಬಿಟ್ಟು ಮುಗದಳು. ನಾನೂ ಕುರುಡಾಗಿ ಏರಿ ಕಡಿ ಹೊಳ್ಳಿದೆ. ಹಿಡಕೊಂಡಿದ್ರ ನನ್ನ ಜೋಡಿ ದಂಡಿಗೆ ಬೀಳ್ತಿದ್ದಳು. ನೀರಿಗೆ ಹೋದಳು.”

ಉಪಕಾಲುವೆಯ ತಿರುವು ಬಂತು. ಎದುರಿನಿಂದ ಬಿಳಿ ದೀಪದ ಗಾಡಿಯೊಂದು ನುಗ್ಗಿ ಬರುತ್ತಿತ್ತು. ಜೀಪಿನ ಚಾಲಕ ತನ್ನ ದೀಪ ಇಳಿಸಿ ಮತ್ತೆ ಮತ್ತೆ ಸನ್ನೆ ಮಾಡಿದ. ಅದು ಇಳಿಸಲಿಲ್ಲ. ಅದೇ ಗಳಿಗೆಗೆ ಬೈಕೊಂದು ಜೀಪನ್ನು ಹಿಂದೆ ಹಾಕಿ ಆ ಬೆಳಕಿನೊಳಗೆ ಹೋಯಿತು. ಹಿಂದೆ ಹೆಂಗಸೊಬ್ಬಳು ಕೂತಿದ್ದಳು.

ತಾಯಪ್ಪ ಸೀಟಿನ ಅಂಚಿಗೆ ಸರಿದು, ಜೀಪಿನ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ.

“ಗಟ್ಟಿ ಹಿಡಕೋ ತಾಯಿ,” ಎಂದ. “ಕೈ ಬಿಡಬ್ಯಾಡ.”