ಆರಿಸಿದ ಸ್ವಿಚ್

ತಾರೀಕು ಹದಿನಾಲ್ಕು, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಮೆಕ್ಯಾನಿಕ್‌ನ ಹೆಂಡತಿ ಠಾಣೆಗೆ ಬಂದಳು. ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ಗಂಡಂದೇ ತಪ್ಪು ಅಂತ ಬರ್ಕೊಂಡಿದೀರಂತೆ. ಚಾರ್ಜರ್ ಸ್ವಿಚ್ ಆರಿಸದೆ ಬ್ಯಾಟರಿ ಕ್ಲಿಪ್ ಮುಟ್ಟೋ ಮನುಷ್ಯ ಅಲ್ಲ ಸಾರ್ ಅವರು. ಕಣ್ಣಂತೂ ಹೋಯ್ತು. ಹೆಸರನ್ನಾದ್ರೂ ಉಳಿಸಿಕೊಡಿ."

ಇನ್ಸ್‌ಪೆಕ್ಟರ್ ಮುಖ ಸಣ್ಣದಾಯಿತು. ಬರೆದುಕೊಂಡವರು ಅವರೇ. ಎರಡು ದಿನದ ಹಿಂದೆ, ಮಧ್ಯಾಹ್ನ ಮೂರೂ ನಲವತ್ತಕ್ಕೆ, ಗ್ಯಾರೇಜಿನ ಚಾರ್ಜಿಂಗ್ ಕೋಣೆಯಲ್ಲಿ ಕಾರಿನ ಬ್ಯಾಟರಿ ಸಿಡಿದು ಆಸಿಡ್ ಮೆಕ್ಯಾನಿಕ್‌ನ ಎರಡೂ ಕಣ್ಣಿಗೆ ಬಿದ್ದಿತ್ತು. ಚಾರ್ಜ್ ಆಗುವ ಬ್ಯಾಟರಿಯಿಂದ ಗ್ಯಾಸ್ ಏಳುತ್ತದೆ. ಕರೆಂಟ್ ಹರಿಯುವಾಗ ಕ್ಲಿಪ್ ಕಿತ್ತರೆ ಕಿಡಿ ಹಾರುತ್ತದೆ. ಒಂದು ಕಿಡಿ ಸಾಕು. "ಅವಸರದೋನು, ಆರಿಸೋಕೆ ಮರ್ತ. ಆಮೇಲೆ ನಾನೇ ಓಡಿಹೋಗಿ ಆರಿಸಿದೆ" ಎಂದು ಗ್ಯಾರೇಜಿನ ದೊಡ್ಡ ಮೇಸ್ತ್ರಿ ಕಣ್ಣೊರೆಸಿಕೊಂಡಿದ್ದ. ಇವರು ಅದನ್ನು ನಂಬಿ, ಕೋಣೆಗೆ ಬೀಗ ಹಾಕಿಸಿ, ಆಕಸ್ಮಿಕ ಎಂದು ಷರಾ ಬರೆದು ಕೈತೊಳೆದುಕೊಂಡಿದ್ದರು.

ದೂರು ಪಡೆದು ಎಫ್‌ಐಆರ್ ಆಯಿತು. ಹನ್ನೊಂದೂವರೆಗೆ ಇಬ್ಬರು ಪಂಚರೊಂದಿಗೆ ಚಾರ್ಜಿಂಗ್ ಕೋಣೆಯಲ್ಲಿ ಪಂಚನಾಮೆ. ಗ್ಯಾಸ್ ಹೋಗಲೆಂದು ಮೆಕ್ಯಾನಿಕ್ ತೆರೆದಿದ್ದ ಕಿಟಕಿ ಹಾಗೇ ಇತ್ತು. ಬ್ಯಾಟರಿಯ ಆರು ಮುಚ್ಚಳಗಳನ್ನು ಬಿಚ್ಚಿ, ಒರೆಸಿ, ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಇಷ್ಟು ಅಚ್ಚುಕಟ್ಟಾದವನು ಸ್ವಿಚ್ ಮರೆಯುತ್ತಾನೆಯೇ? ಚಾರ್ಜರ್ ಹಳೆಯದು, ತಾನಾಗಿ ನಿಲ್ಲುವಂಥದ್ದಲ್ಲ. ಅದರ ಮೀಟರಿನ ಮುಳ್ಳು ಅಲುಗಾಡದೆ ವರ್ಷವಾಗಿತ್ತು. ನಂಬಲು ಇದ್ದದ್ದು ಗೋಡೆಯ ಸ್ವಿಚ್ ಒಂದೇ.

ಸ್ವಿಚ್ ಆರಿಸಿಯೇ ಇತ್ತು. ಹೆಡ್ ಕಾನ್ಸ್‌ಟೇಬಲ್ ಅದರ ಸಾಕೆಟ್ಟಿಗೆ ಬಲ್ಬು ಚುಚ್ಚಿದ. ಬಲ್ಬು ಜಗ್ಗನೆ ಹತ್ತಿಕೊಂಡಿತು. ಬೋರ್ಡು ಬಿಚ್ಚಿದರೆ ಸ್ವಿಚ್ಚಿನ ಎರಡು ತುದಿಗಳನ್ನು ಸೇರಿಸಿ ಹೊಸ ತಾಮ್ರದ ತಂತಿಯ ತುಂಡೊಂದು; ಆರಿಸಿದರೂ ಕರೆಂಟ್ ನಿಲ್ಲದು.

"ಯಾರೂ ಬಾಯಿ ಬಿಡಬೇಡಿ" ಎಂದ ಇನ್ಸ್‌ಪೆಕ್ಟರ್ ಬೋರ್ಡನ್ನು ಮೊದಲಿನಂತೆ ಮುಚ್ಚಿಸಿದರು.

ಮೂರು ಗಂಟೆಗೆ ಗ್ಯಾರೇಜಿನವರನ್ನು ಒಬ್ಬೊಬ್ಬರಾಗಿ ಕೋಣೆಯೊಳಗೆ ಕರೆದು, ಬೇರೊಂದು ಬ್ಯಾಟರಿ ಕೊಟ್ಟು, ಚಾರ್ಜ್‌ಗೆ ಹಾಕಿ ತೆಗೆಯಿರಿ ಎಂದರು. ಮಾಲೀಕ ಸ್ವಿಚ್ ಆರಿಸಿ ಕ್ಲಿಪ್‌ಗೆ ಕೈ ಹಾಕಿದ. ಹೆಡ್ ಕಾನ್ಸ್‌ಟೇಬಲ್ ಅವನ ಕೈ ಹಿಡಿದ. ಪೇಂಟರ್‌ನದ್ದೂ ಅದೇ ಕತೆ.

ದೊಡ್ಡ ಮೇಸ್ತ್ರಿ ನೀರಿನ ಮಟ್ಟ ನೋಡಿದ, ಕೆಂಪು ಕ್ಲಿಪ್ಪನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕಚ್ಚಿಸಿ, ಆಮೇಲೇ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಪಾಠ ಹೇಳಿದಷ್ಟು ಚೊಕ್ಕ.

"ಈಗ ತೆಗೀರಿ."

ಮೇಸ್ತ್ರಿಯ ಕೈ ಸ್ವಿಚ್ಚಿನ ಕಡೆ ಹೋಗಲೇ ಇಲ್ಲ. ನೇರ ಪ್ಲಗ್ಗನ್ನೇ ಕಿತ್ತ.

"ಸ್ವಿಚ್ ಯಾಕೆ ಬಿಟ್ರಿ?"

"ಮರ್ತೆ ಸಾರ್."

"ಸರಿ. ಪ್ಲಗ್ ಮತ್ತೆ ಹಾಕಿ. ಸ್ವಿಚ್ ಆರಿಸಿ. ಕ್ಲಿಪ್ ತೆಗೀರಿ."

ಮೇಸ್ತ್ರಿ ಕ್ಲಿಪ್ಪನ್ನೇ ನೋಡುತ್ತ ನಿಂತ. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು.

"ಆಗಲ್ಲ ಸಾರ್."

"ಯಾಕೆ?"

"ಕಣ್ಣು ಹೋಗುತ್ತೆ" ಎಂದವನು ಅಲ್ಲೇ ಕುಕ್ಕರಿಸಿದ.

ನಾಲ್ಕೂ ಐದಕ್ಕೆ ದಸ್ತಗಿರಿ. ಹೇಳಿಕೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. "ಅವನು ಊಟಕ್ಕೆ ಹೋದಾಗ ತಂತಿ ಹಾಕ್ದೆ. ಬಂದ ಗಿರಾಕಿಗಳೆಲ್ಲ ಅವನನ್ನೇ ಕೇಳ್ತಾರೆ, ಚಿಕ್ಕ ಮೇಸ್ತ್ರಿ ಇದಾರಾ ಅಂತ. ನಾನಿದೀನಿ ಅಂತ ಎದ್ದು ನಿಂತ್ರೆ, ಪರವಾಗಿಲ್ಲ, ಕಾಯ್ತೀವಿ ಅಂತಾರೆ. ಕೆಲ್ಸ ಕಲಿಸಿದೋನು ನಾನು. ಒಂದೇ ಒಂದ್ಸಲ ಅವನೂ ತಪ್ಪು ಮಾಡ್ದ ಅನ್ನಿಸ್ಬೇಕಿತ್ತು ಸಾರ್. ಕೈ ಸುಟ್ಕೊಳ್ತಾನೆ ಅಷ್ಟೇ ಅಂದ್ಕೊಂಡೆ." ಇನ್ಸ್‌ಪೆಕ್ಟರ್‌ಗೆ ಅವನ ಮೇಲೆ ಸಿಟ್ಟು ಬಂತು. ತಮ್ಮ ಷರಾದ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಸಂಜೆ ಆರಕ್ಕೆ ಆಸ್ಪತ್ರೆಗೆ ಹೋದರು. ಕಣ್ಣಿಗೆಲ್ಲ ಪಟ್ಟಿ ಸುತ್ತಿಕೊಂಡವನು ಬೂಟಿನ ಸದ್ದಿಗೆ ತಲೆ ಎತ್ತಿದ.

"ನಿನ್ನ ತಪ್ಪಿಲ್ಲ ಅಂತ ಬರೆದಿದ್ದೀನಪ್ಪ. ನೀನು ಆರಿಸಿದ್ದೆ."

ಅವನ ಮುಖ ಅರಳಿತು. "ಮೇಸ್ತ್ರಿಗೆ ಹೇಳಿದ್ರಾ ಸಾರ್? ಅಷ್ಟು ಸಲ ಹೇಳ್ಕೊಟ್ಟೂ ಮರ್ತುಬಿಟ್ನಲ್ಲ ಅಂತ ಪಾಪ, ನೊಂದ್ಕೊಂಡಿರ್ತಾರೆ."

ಮಂಚದ ಪಕ್ಕದಲ್ಲಿದ್ದ ಹೆಂಡತಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳು ಮುಖ ಆಚೆ ತಿರುಗಿಸಿದಳು.

"ಅವರಿಗೆ ಗೊತ್ತಪ್ಪ" ಎಂದರು ಇನ್ಸ್‌ಪೆಕ್ಟರ್. "ಮೊದಲಿಂದ್ಲೂ ಗೊತ್ತಿತ್ತು."