ಕೊನೆ ಮುಟ್ಟದ ಓದು

ಅಕ್ಕ ಮೇಜಿನ ಡ್ರಾಯರ್ ಎಳೆದಳು. ಮೊದಲು ಮೂಗಿಗೆ ಬಡಿದದ್ದು ಸುಟ್ಟ ಪ್ಲಾಸ್ಟಿಕ್ಕಿನ ಕಮಟು. ಆಮೇಲೆ ಕಣ್ಣಿಗೆ ಬಿದ್ದದ್ದು ಅದು.

ಬೆಂಕಿಪೆಟ್ಟಿಗೆಗಿಂತ ಚೂರು ದೊಡ್ಡ ಪ್ಲೇಯರು. ಬೆನ್ನು ಕರಗಿ, ಕಪ್ಪಿಟ್ಟು, ಅಪ್ಪಚ್ಚಿಯಾಗಿತ್ತು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಕಿವಿಗೆ ಹಚ್ಚಿಕೊಂಡಳು.

ಸದ್ದಿಲ್ಲ.

“ಅಯ್ಯೋ, ಹೋದರು!” — ಆ ಕೂಗಿಗೆ ಬೈಂಡಿಂಗ್ ಅಂಗಡಿಯ ಕೆಲಸವೆಲ್ಲ ನಿಂತಿತು.

ಹೋದರು ಎಂದದ್ದು ತಪ್ಪೇನಲ್ಲ. ಅದರೊಳಗೆ ಇದ್ದದ್ದು ಅವಳ ಗಂಡನ ದನಿ. ಸಂಜೆ ಅಂಟಿನ ಡಬ್ಬಿ ಮುಚ್ಚಿದ ಮೇಲೆ ಅವರು ಇದೇ ಕೋಣೆಯಲ್ಲಿ ಕೂತು ಕಾವ್ಯ ಓದುತ್ತಿದ್ದರು. ಕೇಳುವವರು ಕಾಲು ಮಡಚಿಕೊಂಡು ಕೂರಬೇಕು. ಶುರು ಮಾಡಿದರೆ ಮೊದಲ ಪದ್ಯದಿಂದ. ನಡುವಿನಿಂದ ಎತ್ತಿಕೊಳ್ಳುವುದು ಅವರಿಗಾಗದ ಮಾತು. ಕಾಯಿಲೆ ಬಿದ್ದ ಮೇಲೆ ಒಂದು ದಿನ ಇಡೀ ಕಾವ್ಯವನ್ನು ಒಂದೇ ಸಮನೆ ಕೂತು ಓದಿ ಇದರಲ್ಲಿ ತುಂಬಿಟ್ಟರು.

ಅವರು ಹೋದ ಹೊಸತರಲ್ಲಿ ಕೇಳುವ ಧೈರ್ಯವಾಗಲಿಲ್ಲ. ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಳು. ಧೈರ್ಯ ಬರುವ ಹೊತ್ತಿಗೆ ಬ್ಯಾಟರಿಯ ಜೀವ ಅರ್ಧ ಆರಿತ್ತು. ಎಷ್ಟು ಚಾರ್ಜು ಮಾಡಿದರೂ ಒಂದಿಷ್ಟು ಪದ್ಯ ಹಾಡಿ ಗುಟುಕ್ಕೆಂದು ನಿಲ್ಲುತ್ತಿತ್ತು. ವೈರು ಚುಚ್ಚಿಕೊಂಡಿದ್ದರೆ ಹಾಡುತ್ತಲೇ ಇರಲಿಲ್ಲ. ಮತ್ತೆ ಗುಂಡಿ ಒತ್ತಿದರೆ ಮೊದಲಿಂದ. ಹೀಗೆ ದಿನವೂ ಅದೇ ಆರಂಭ. ವಾರ ಕಳೆದಂತೆ ದನಿ ಇನ್ನೂ ಬೇಗ ಕಡಿಯುತ್ತಿತ್ತು. ಆ ಕಾವ್ಯದ ಕೊನೆಯ ಪದ್ಯ ಗಂಡನ ಬಾಯಲ್ಲಿ ಹೇಗೆ ಮುಗಿದಿತ್ತೋ, ಅಕ್ಕ ಒಮ್ಮೆಯೂ ಕೇಳಿರಲಿಲ್ಲ.

ಈಚೆಗೆ ಅದರ ಬೆನ್ನು ಉಬ್ಬಿಕೊಂಡಿತ್ತು. ಎದುರು ಸಾಲಿನ ರಿಪೇರಿಯವನು ನೋಡಿ ನಕ್ಕಿದ್ದ: “ಅಕ್ಕಾ, ಇದು ಬಸುರಿಯಾಗಿದೆ! ಇನ್ನು ಚಾರ್ಜಿಗೆ ಹಾಕ್ಬೇಡಿ, ಅಪಾಯ. ಹೊಸ ಬ್ಯಾಟರಿ ತರಿಸ್ತೀನಿ. ಆಮೇಲೆ ಪೂರ್ತಿ ಕೇಳಿ.” ನಿನ್ನೆ ಸಂಜೆ ಬಂದು, ಬಿಚ್ಚಿ, ಅಳತೆ ನೋಡಿಕೊಂಡು ಮುಚ್ಚಿಟ್ಟು ಹೋಗಿದ್ದ.

ಇವತ್ತು ಹೊಸ ಬ್ಯಾಟರಿ ಬರುವ ದಿನ.

ಹಿಂದಿನ ಕೋಣೆಯಿಂದ ಮೈದುನ ಓಡಿ ಬಂದ. ಅಕ್ಕ ಮದುವೆಯಾಗಿ ಬಂದಾಗ ಅವಳ ಸೊಂಟದೆತ್ತರಕ್ಕಿದ್ದ ಹುಡುಗ. ತಾಯಿಯಿಲ್ಲದವನಿಗೆ ಇವಳೇ ತುತ್ತು ಕೊಟ್ಟು, ತಲೆ ಬಾಚಿ ಬೆಳೆಸಿದ್ದಳು. ಮೀಸೆ ನರೆತರೂ ಅವನಿನ್ನೂ ಎಲ್ಲರ ಬಾಯಲ್ಲಿ ಪುಟ್ಟನೇ.

“ಅತ್ತಿಗೆ, ಏನಾಯ್ತು? ...ಅಯ್ಯಯ್ಯೋ!” ಪುಟ್ಟ ನೆಲಕ್ಕೇ ಕುಸಿದ. “ಅವನದೇ ಕೆಲಸ! ನಿನ್ನೆ ಬಿಚ್ಚಿದವನು ಅವನೇ ತಾನೆ? ಏನು ಕಿತ್ತು ಎಲ್ಲಿಗೆ ಸಿಕ್ಕಿಸಿದನೋ, ಸಿಡಿದುಬಿಟ್ಟಿದೆ.” ಅವಳ ಕೈ ಹಿಡಿದುಕೊಂಡ. ಅವನ ಕಣ್ಣಲ್ಲೂ ನೀರು. “ಓದು ಮುಗಿಸಿ ಅಣ್ಣ ‘ಕಿಟಕಿ ಹಾಕು, ಗಾಳಿ ಬರ್ತಿದೆ’ ಅಂತಾನಲ್ಲ... ಆ ದನಿ ಕಿವಿಯಲ್ಲೇ ಇದೆ, ಅತ್ತಿಗೆ.”

ಅಕ್ಕನ ದುಃಖ ಒಡೆದುಹೋಯಿತು. ಹಾಗೇ ಬೀದಿಗಿಳಿದಳು. ರಿಪೇರಿಯವನು ಹೊಸ ಬ್ಯಾಟರಿ ಹಿಡಿದುಕೊಂಡು ಎದುರಿಗೇ ಬರುತ್ತಿದ್ದ.

“ನನ್ನ ಮನೆಯವರನ್ನ ಎರಡನೇ ಸಲ ಸಾಯಿಸಿದೆಯಲ್ಲೋ, ಪಾಪಿ!”

ಯಾವತ್ತೂ ದನಿ ಎತ್ತದ ಹೆಂಗಸು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ರಿಪೇರಿಯವನು ಒಂದು ಹೆಜ್ಜೆ ಹಿಂದೆ ಸರಿದ.

ಆ ಹೊತ್ತಿಗೆ ಬೈಂಡಿಂಗಿಗೆ ಕೊಟ್ಟಿದ್ದ ತಮ್ಮ ಪುಸ್ತಕಗಳಿಗಾಗಿ ಬಂದವರು ಬೂದಿ ಸಾಹೇಬರು. ಬೆಂಕಿ ಬಿದ್ದ ಅಂಗಡಿ, ಗೋದಾಮುಗಳನ್ನು ವಿಮೆ ಕಂಪನಿಯ ಪರವಾಗಿ ಕೆದಕಿ ನೋಡುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದರೂ ಹೆಸರು ಬಿಟ್ಟಿರಲಿಲ್ಲ. ನಡೆದದ್ದು ಕೇಳಿ ಒಳಗೆ ಬಂದು ಕೂತರು.

“ಅವನನ್ನೂ ಒಳಗೆ ಕರೀರಿ ತಾಯಿ. ಬೈಯೋದು ಎಲ್ಲಿಗೂ ಓಡಿಹೋಗಲ್ಲ. ಮೊದಲು ಕೇಳೋಣ.”

ರಿಪೇರಿಯವನು ಹೊಸ್ತಿಲಾಚೆಯೇ ನಿಂತ.

“ನಿನ್ನೆ ಏನೇನು ಮುಟ್ಟಿದೆ?”

“ಮುಚ್ಚಳ ತೆಗೆದೆ, ಬ್ಯಾಟರಿ ಅಳತೆ ನೋಡಿದೆ, ಮುಚ್ಚಿದೆ. ಅಷ್ಟೇ, ಸಾರ್. ಕಾರ್ಡನ್ನೂ ಮುಟ್ಟಲಿಲ್ಲ.”

“ಯಾವ ಕಾರ್ಡು?”

“ದನಿ ಇರೋದು ಅದರಲ್ಲೇ ಅಲ್ವಾ? ಉಗುರಿನಷ್ಟು ಇರುತ್ತೆ. ಬ್ಯಾಟರಿ ಸತ್ತರೂ ದನಿ ಸಾಯಲ್ಲ.”

ಅಕ್ಕ ತಲೆಯೆತ್ತಿದಳು. ಇದು ಅವಳಿಗೆ ಗೊತ್ತಿರಲಿಲ್ಲ.

ಸಾಹೇಬರು ಪ್ಲೇಯರಿನ ಮಗ್ಗುಲಿನ ಸೀಳನ್ನು ಸೂಜಿಯಿಂದ ಬಿಡಿಸಿದರು. ಆ ಬದಿ ಬೆಂಕಿ ತಾಗಿರಲಿಲ್ಲ. ಕಾರ್ಡಿನ ಗೂಡು ಶುಭ್ರವಾಗಿತ್ತು. ಖಾಲಿ.

“ಹೂಂ,” ಎಂದರು. ಅಷ್ಟೇ.

ಮುಂದಿನ ಸರದಿ ಹೊಲಿಗೆಯವಳದು. ಪುಸ್ತಕದ ಹಾಳೆಗಳನ್ನು ಹೊಲಿಯುವ ಅವಳ ಮಾತೂ ಚುಚ್ಚುವಂಥದ್ದೇ. ಅದಕ್ಕೆ ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದರು.

“ಈ ಯಂತ್ರಾನ ಬಾವಿಗೆ ಹಾಕ್ತೀನಿ ಅಂದಿದ್ರಂತೆ, ಹೌದಾ?”

“ಅಂದಿದ್ದೆ! ಸುಳ್ಳು ಯಾಕೆ ಹೇಳ್ಲಿ? ದಿನಾ ಅದೇ ಮೊದಲ ಪದ್ಯ. ನಿದ್ದೇಲೂ ಅದನ್ನೇ ಹೇಳ್ತೀನಂತೆ, ನನ್ನ ಗಂಡ ಎದ್ದು ಕೂತು ಕೈ ಮುಗೀತಾನೆ. ಅಂದಮಾತ್ರಕ್ಕೆ ಹಾಕಿಬಿಡ್ತಾರಾ? ಹಾಗೆ ನೋಡಿದ್ರೆ ನನ್ನ ಗಂಡ ಯಾವತ್ತೋ ಬಾವೀಲಿರಬೇಕಿತ್ತು.”

ಸಾಹೇಬರ ತುಟಿ ಕೊಂಚ ಸಡಿಲವಾಯಿತು. ಪುಟ್ಟನ ಕಡೆ ತಿರುಗಿದರು.

“ನಿಮ್ಮಣ್ಣ ಇದರಲ್ಲಿ ಓದಿದ ದಿನ ಜೊತೆಗೆ ಯಾರಿದ್ರು?”

“ಯಾರೂ ಇರಲಿಲ್ಲ ಅನ್ಸುತ್ತೆ. ಅತ್ತಿಗೆ ಔಷಧಿ ತರೋಕೆ ಹೋಗಿದ್ರು. ನಾನು ಊರಲ್ಲೇ ಇರಲಿಲ್ಲ.”

“ಆಮೇಲಾದ್ರೂ ಕೇಳಿದೀರಾ?”

“ಅತ್ತಿಗೆ ಹಾಕಿದಾಗ ಕೇಳಿದಷ್ಟೇ. ಈ ಯಂತ್ರದ ಗುಂಡಿ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ.”

“ಅಂಗಡಿ ಯಾರದು?”

ಅದಕ್ಕೆ ಉತ್ತರ ಕೊಟ್ಟವಳು ಅಕ್ಕ. “ಪುಟ್ಟನದೇ. ಇವರು ಹೋಗುವಾಗ ಅವನಿಗೇ ಅಂತ ಹೇಳಿದ್ರಂತೆ. ಅವನು ತೋರಿಸಿದ ಕಡೆ ರುಜು ಹಾಕಿದೆ. ಅವನೇನು ಹೊರಗಿನವನಾ? ನಾನೂ ಇಲ್ಲೇ ಕೆಲಸ ಮಾಡ್ಕೊಂಡಿದೀನಿ.”

“ಹೇಳಿದ್ರಂತೆ — ಯಾರಿಗೆ?”

“ಅವನಿಗೆ.”

ಸಾಹೇಬರು ಮತ್ತೆ “ಹೂಂ” ಎಂದರು. ಡ್ರಾಯರನ್ನು ಪೂರ್ತಿ ಹೊರಗೆಳೆದು ಮೇಜಿನ ಮೇಲಿಟ್ಟರು. ತಳಕ್ಕೆ ಹಾಸಿದ್ದ ಕಾಗದ ಹಾಗೇ ಬೆಳ್ಳಗಿತ್ತು.

“ಇಲ್ಲಿ ಏನೂ ಸುಟ್ಟಿಲ್ಲ, ತಾಯಿ. ಬೇರೆ ಕಡೆ ಸುಟ್ಟದ್ದನ್ನ ತಂದು ಇಟ್ಟಿದಾರೆ. ಇನ್ನೊಂದು — ಬ್ಯಾಟರಿ ತಾನಾಗಿ ಸಿಡಿದರೆ ಬೆನ್ನು ಹೊರಕ್ಕೆ ಬಿರಿಯುತ್ತೆ. ಇದು ಚಪ್ಪಟೆಯಾಗಿದೆ. ಕರಗಿದ ಜಾಗದಲ್ಲಿ ಗೆರೆಗೆರೆ ಅಚ್ಚು ಬಿದ್ದಿದೆ, ನೋಡಿ. ಏನಿದು?”

ಅಕ್ಕ ಬೆರಳಿನಿಂದ ಸವರಿದಳು. ಕಣ್ಣು ಬೇಕಾಗಲಿಲ್ಲ, ಜೀವನವಿಡೀ ಮುಟ್ಟಿದ ನೇಯ್ಗೆ.

“ಕ್ಯಾಲಿಕೋ. ರಟ್ಟಿಗೆ ಹಚ್ಚೋ ಬಟ್ಟೆ. ಪ್ರೆಸ್ಸಿಗೂ ಅದನ್ನೇ ಹಾಸ್ತೀವಿ...”

ಅರ್ಧಕ್ಕೇ ನಿಂತಳು. ಎಲ್ಲರೂ ಹಿಂದಿನ ಕೋಣೆಗೆ ನಡೆದರು. ಹೊಲಿದ ಪುಸ್ತಕಗಳನ್ನು ಒತ್ತಿಡುವ ದೊಡ್ಡ ಕಬ್ಬಿಣದ ಪ್ರೆಸ್ಸು. ತಿರುಪು ಬಿಟ್ಟು ಹಲಗೆ ಎತ್ತಿದರು. ಕೆಳಗೆ ಹೊಚ್ಚಹೊಸ ಬಟ್ಟೆ.

“ಓಹೋ, ಹೊಸಾದು!” ಸೂಜಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಂಗೆ ಒಂದು ಅಂಗೈ ಅಗಲ ತುಂಡು ಕೊಡೋಕೆ ಜೀವ ಹೋಗುತ್ತೆ ಪುಟ್ಟಣ್ಣಂಗೆ. ಪ್ರೆಸ್ಸಿಗೆ ಯಾವತ್ತೂ ಹರುಕು ಬಟ್ಟೆ. ನಿನ್ನೆವರೆಗೂ ಇದ್ದ ಹರುಕು ಎಲ್ಲಿ?”

ಎಲ್ಲರೂ ಪುಟ್ಟನ ಕಡೆ ತಿರುಗಿದರು.

ಪುಟ್ಟ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ನಾನೇ, ಅತ್ತಿಗೆ. ಬೆನ್ನು ಉಬ್ಬಿತ್ತಲ್ಲ, ಚಪ್ಪಟೆ ಮಾಡಿಕೊಡೋಣ ಅಂತ ಪ್ರೆಸ್ಸಿಗಿಟ್ಟೆ. ಬೈಂಡಿಂಗಿನವನ ಬುದ್ಧಿ! ಉಬ್ಬಿದ್ದು ಕಂಡರೆ ಕೈ ತಿರುಪಿಗೇ ಹೋಗುತ್ತೆ. ಬುಸ್ ಅಂತ ಹೊಗೆ ಬಂತು. ನಿಮ್ಮ ಮುಖ ನೆನೆದು ಹೆದರಿದೆ. ಹೇಳೋಕೆ ಆಗ್ಲಿಲ್ಲ.”

ಅಕ್ಕನ ಎದೆಯಿಂದ ಕಲ್ಲು ಇಳಿದಂತಾಯಿತು. ಇಷ್ಟೇನಾ! ಒದ್ದೆ ಪುಸ್ತಕ, ಡೊಂಕು ರಟ್ಟು, ಒಮ್ಮೆ ಸೂಜಿಯಮ್ಮನ ಬುತ್ತಿ ಡಬ್ಬಿಯ ಮುಚ್ಚಳ — ಎಲ್ಲವನ್ನೂ ಈ ಪ್ರೆಸ್ಸಿಗೇ ಕೊಟ್ಟ ಮನೆ ಇದು. ಅವಳಾಗಲೇ ಅವನ ತಲೆ ಸವರಲು ಕೈ ಚಾಚಿದ್ದಳು.

“ಹೇಳಬಾರದಿತ್ತೇನೋ, ಮಗಾ? ಆ ಬಡಪಾಯಿಯನ್ನ ಬೀದಿಯಲ್ಲಿ...”

“ಕೈ ತಡೀರಿ, ತಾಯಿ,” ಎಂದರು ಸಾಹೇಬರು ಮೆಲ್ಲಗೆ. “ಚಪ್ಪಟೆ ಮಾಡೋಕೆ ಹೊರಟವನು ಮೊದಲು ಕಾರ್ಡು ಯಾಕೆ ತೆಗೆದ?”

ಪುಟ್ಟ ಮುಖದಿಂದ ಕೈ ತೆಗೆದ. “ಯಾವ ಕಾರ್ಡು? ಅದು ಸುಟ್ಟುಹೋಗಿರಬೇಕು...”

“ಸುಟ್ಟರೆ ಬೂದಿ ಇರುತ್ತೆ. ನನ್ನ ಹೆಸರೇ ಅದು. ಗೂಡು ತೊಳೆದಿಟ್ಟ ಹಾಗಿದೆ.” ಸಾಹೇಬರು ಅಕ್ಕನ ಕಡೆ ತಿರುಗಿದರು. “ತಾಯಿ, ಬೆಳಿಗ್ಗೆ ಇವರು ನಿಮ್ಮನ್ನ ಸಮಾಧಾನ ಮಾಡೋವಾಗ ಏನಂದ್ರು? ಒಂದೊಂದು ಮಾತೂ ನೆನಪು ಮಾಡ್ಕೊಳ್ಳಿ. ಕೇಳೋದರಲ್ಲಿ ನಿಮ್ಮಷ್ಟು ನಿಷ್ಠೆ ಈ ಬೀದೀಲಿ ಯಾರಿಗೂ ಇಲ್ಲ.”

ಅಕ್ಕ ಕಣ್ಣು ಮುಚ್ಚಿದಳು. ಪದ್ಯ ನೆನೆಯುವಂತೆ ಒಂದೊಂದೇ ಮಾತು ಎತ್ತಿಕೊಂಡಳು. “ಸಿಡಿದುಬಿಟ್ಟಿದೆ ಅಂದ... ಓದು ಮುಗಿಸಿ ಅಣ್ಣ ‘ಕಿಟಕಿ ಹಾಕು, ಗಾಳಿ ಬರ್ತಿದೆ’ ಅಂತಾನಲ್ಲ, ಆ ದನಿ...”

ಕಣ್ಣು ತೆರೆದಳು.

“ಆ ಮಾತು ನೀವು ಕೇಳಿದೀರಾ?”

“ಇಲ್ಲ. ಬ್ಯಾಟರಿ ಅಲ್ಲಿವರೆಗೆ ಯಾವತ್ತೂ ಬರಲೇ ಇಲ್ಲ. ಓದು ಮುಗಿದದ್ದನ್ನ ನಾನು ಕೇಳೇ ಇಲ್ಲ.”

“ನೀವೂ ಕೇಳಿಲ್ಲ, ಈ ಅಂಗಡೀಲಿ ಬೇರೆ ಯಾರೂ ಕೇಳಿಲ್ಲ. ಅವತ್ತು ಊರಲ್ಲಿರಲಿಲ್ಲ, ನೀವು ಹಾಕಿದಷ್ಟೇ ಕೇಳಿದ್ದು ಅಂದವರಿಗೆ ಮಾತ್ರ ಕೊನೆ ಗೊತ್ತು! ಅಂದಮೇಲೆ ಎರಡರಲ್ಲಿ ಒಂದು: ಅವತ್ತು ಈ ಕೋಣೆಯಲ್ಲೇ ಇದ್ರು, ಇಲ್ಲಾ ಕಾರ್ಡು ತೆಗೆದು ಬೇರೆ ಕಡೆ ಹಾಕಿ ಕೇಳಿದ್ರು. ನನಗನ್ನಿಸೋದು ಎರಡೂ ನಿಜ. ಇವತ್ತು ಹೊಸ ಬ್ಯಾಟರಿ ಬಂದಿದ್ರೆ ಸಂಜೆಗೆ ನೀವು ಕೊನೆ ಮುಟ್ಟುತ್ತಿದ್ರಿ. ಅದು ಆಗಬಾರದಿತ್ತು. ಇದು ಹೆಡ್ಡತನದಲ್ಲಿ ಆದ ಕೆಲಸ ಅಲ್ಲ. ಮಾಡಿದವರು ನಿಮ್ಮ ಮೈದುನ, ತಾಯಿ. ಯಾಕೆ ಅನ್ನೋದು ನನಗೆ ಗೊತ್ತಿಲ್ಲ. ಅದು ಆ ಕಾರ್ಡಿಗೆ ಗೊತ್ತು.”

“ಎಲ್ಲಿದೆ?” ಅಕ್ಕ ಕೇಳಿದಳು. “ಎಸೆದೆಯಾ? ಅಣ್ಣನ ದನೀನ ಕೈಯಾರೆ ಎಸೆದೆಯಾ?”

ಪುಟ್ಟನ ಕಣ್ಣು ಒಂದು ಕ್ಷಣ ಕಪಾಟಿನ ಕಡೆ ಹೊರಳಿತು. ಅಲ್ಲಿ ಅವಳ ಗಂಡ ಓದುತ್ತಿದ್ದ ಕಾವ್ಯದ ಹಳೆಯ ಪ್ರತಿ.

ಅಕ್ಕ ಅದನ್ನು ಕೈಗೆತ್ತಿಕೊಂಡಳು. ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಜಾರಿಸಿದಳು. ಕೆಳತುದಿಯಲ್ಲಿ ಅಂಟು ಇನ್ನೂ ಜಿಗುಟು. ಬಟ್ಟೆಗೂ ಹೊಲಿಗೆಗೂ ನಡುವಿನ ಪೊಳ್ಳಿನಲ್ಲಿ ಏನೋ ಗಟ್ಟಿಯಾಗಿ ತಾಗಿತು. ಚಾಕು ತಂದು ನಾಜೂಕಾಗಿ ಸೀಳಿದಳು. ಉಗುರಿನಷ್ಟು ಕರಿ ಚೂರೊಂದು ಅಂಗೈಗೆ ಬಿತ್ತು.

“ಎಸೆಯೋಕೆ ಆಗ್ಲಿಲ್ಲ, ಅತ್ತಿಗೆ,” ಎಂದ ಪುಟ್ಟ.

ಅವಳು ಅವನನ್ನು ನೋಡಲಿಲ್ಲ. ಹೊಸ್ತಿಲ ಬಳಿ ಹೋಗಿ ರಿಪೇರಿಯವನ ಎದುರು ಎರಡೂ ಕೈ ಜೋಡಿಸಿದಳು.

“ಅಯ್ಯೋ, ಬಿಡಿ ಅಕ್ಕಾ, ಹಾಗೆಲ್ಲ...” ಅವನು ಮುಜುಗರದಿಂದ ಕಾರ್ಡು ಇಸಿದುಕೊಂಡು ತನ್ನ ಫೋನಿಗೆ ಹಾಕಿದ. “ಕೊನೆಗೆ ಓಡಿಸ್ಲಾ? ಬೇಗ ಗೊತ್ತಾಗುತ್ತೆ.”

“ಬೇಡ. ಮೊದಲಿಂದ. ನಡುವಿನಿಂದ ಕೇಳೋ ಪದ್ಧತಿ ಈ ಮನೇಲಿಲ್ಲ.” ಅಕ್ಕ ಚಾಪೆ ಹಾಸಿದಳು. “ಅವನೂ ಕೂರಲಿ.”

ಕೂತರು. ದನಿ ಎದ್ದಿತು. ದಿನವೂ ಕೇಳಿದ ಮೊದಲ ಪದ್ಯ. ಸೂಜಿಯಮ್ಮನ ತುಟಿ ತಾನಾಗಿ ಅದರ ಜೊತೆ ಆಡಿತು. ದನಿ ಕಡಿಯುತ್ತಿದ್ದ ಜಾಗ ಬಂತು. ಅಕ್ಕ ಉಸಿರು ಹಿಡಿದಳು. ಕಡಿಯಲಿಲ್ಲ. ದಾಟಿ ಹೋಯಿತು. ಆಮೇಲಿನದೆಲ್ಲ ಅವಳಿಗೆ ಹೊಸತು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು. ಪುಟ್ಟ ತಲೆ ಎತ್ತಲಿಲ್ಲ. ಒಂದೊಂದು ಪದ್ಯ ಮುಗಿದಾಗಲೂ ಅವನ ಭುಜ ಇನ್ನಷ್ಟು ಕುಗ್ಗುತ್ತಿತ್ತು.

ಕೊನೆಯ ಸಾಲನ್ನು ಅವರು ಎಳೆದೆಳೆದು, ಮಗುವನ್ನು ಮಲಗಿಸುವಂತೆ ಇಳಿಸಿದರು. ಪುಸ್ತಕ ಮುಚ್ಚಿದ ಸದ್ದು. ಕೆಮ್ಮು. ಯಂತ್ರ ನಿಲ್ಲಿಸುವುದನ್ನು ಮರೆತಿದ್ದರು.

“ಪುಟ್ಟಾ, ಕಿಟಕಿ ಹಾಕು, ಗಾಳಿ ಬರ್ತಿದೆ.”

ಕೂತಿದ್ದ ಪುಟ್ಟ ಅಣ್ಣ ಕರೆದನೆಂಬಂತೆ ಎದ್ದ. ಕಿಟಕಿಗೆ ಕೈ ಹಾಕಿದ.

“ಮುಟ್ಟಬೇಡ,” ಎಂದಳು ಅಕ್ಕ. “ತೆರೆದೇ ಇರಲಿ. ಬೆಳಿಗ್ಗೆ ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸ್ತು. ಇದೂ ಕೇಳಿಸಲಿ.”

ದನಿ ಮುಂದುವರಿಯಿತು.

“...ಅಂಗಡಿಯನ್ನ ಅವಳ ಹೆಸರಿಗೆ ಮಾಡಿಸಿಬಿಡು, ಪುಟ್ಟಾ. ಈಗಲೇ ಹೇಳಬೇಡ, ಅಳ್ತಾಳೆ. ನಾನು ಹೋದಮೇಲೆ ಅವಳು ಯಾರ ಕೈ ಕೆಳಗೂ ದುಡಿಯೋ ಹಾಗಾಗಬಾರದು. ಮಾಡ್ತೀಯಾ?”

ಅದಕ್ಕೆ ಉತ್ತರವೂ ಇತ್ತು. ಸ್ಪಷ್ಟವಾಗಿ, ಒಂಚೂರೂ ಕಡಿಯದೆ ಬಂತು.

“ಇದೇನಣ್ಣ ಹೀಗೆ ಕೇಳ್ತೀಯ? ಅತ್ತಿಗೆ ಅಂದ್ರೆ ನನಗೆ ಅಮ್ಮ ಅಲ್ವಾ?”